ಭಟ್ಟಿಯ ಪ್ರಸಾದ

"ಬ್ಯಾಡ್ರಿ."

ಆರತಿ ಚಾಚಿದ ತಟ್ಟೆಯತ್ತ ಆ ಸಾಹೇಬ ನೋಡಲೂ ಇಲ್ಲ. ನೋಡಿದ್ದು ಅವಳ ಕಣ್ಣನ್ನು, ಅದೂ ಒಂದು ಗಳಿಗೆ ಜಾಸ್ತಿಯೇ!

ರಾಯಾಪುರದಲ್ಲಿ ಅವಳಪ್ಪ ಶಾಂತಯ್ಯನವರ ಫೌಂಡ್ರಿ. ಭಟ್ಟಿ ಹೊತ್ತಿಸುವ ದಿನ ಪೂಜೆ ಮಾಡಿ, ಕಾಯಿ ಒಡೆದು, ಇದ್ದವರಿಗೆಲ್ಲ ಒಂದೊಂದು ಹೋಳು ಕೊಡುವುದು ಪದ್ಧತಿ. ಹೋಳು ಬೇಡವೆಂದರೆ ಭಟ್ಟಿ ಆರಲಿ ಎಂದಂತೆಯೇ. ಬೇಡವೆಂದವನು ಮಾಲತೇಶ; ಕಬ್ಬಿಣ ಕರಗಿಸುವ ಭಟ್ಟಿಗಳ ಇಂಗಾಲದ ಹೊಗೆ ತಗ್ಗಿಸಲು ಸರ್ಕಾರ ತಂದ ಯೋಜನೆಯ ಇಂಜಿನಿಯರ್. ಹಳೆಯ ಭಟ್ಟಿ ಸುಧಾರಿಸುತ್ತದೆ ಎಂದು ಅವನು ಬರೆದರೆ ನೆರವು, ಇಲ್ಲವೆಂದರೆ ಬೀಗ.

'ಮುಚ್ಚಿಸಾಕ ಬಂದಾನ...' ಆರತಿ ತಟ್ಟೆ ಹಿಂದಕ್ಕೆಳೆದುಕೊಂಡಳು.

ಆದರೆ ಮುಚ್ಚಿಸುವವನು ಸಂಜೆತನಕ ಮಸಿ ಮೆತ್ತಿಕೊಂಡು ಯಾಕೆ ನಿಲ್ಲಬೇಕು? "ಯಜಮಾನ್ರ, ಮ್ಯಾಲೂ ಒಂದು ಸಾಲು ತೂತು ಕೊರದು ಗಾಳಿ ಬಿಟ್ರ ಕಲ್ಲಿದ್ದಲು ಉಳಿತೈತ್ರಿ, ಹೊಗಿನೂ ಕಡಿಮಿ ಆಕ್ಕೈತಿ" ಎಂದು ಅಪ್ಪನಿಗೆ ಅಷ್ಟು ಮೆತ್ತಗೆ ಯಾಕೆ ಹೇಳಬೇಕು?

ಮರುವಾರ ಮತ್ತೆ ಬಂದ. ಮತ್ತೆ ಅವಳನ್ನೇ ನೋಡಿದ, ಮತ್ತೆ ಹೋಳು ಬೇಡವೆಂದ. ಸಿಟ್ಟಾಗಬೇಕೋ, ದಾರಿ ಕಾಯಬೇಕೋ ತಿಳಿಯದೆ ಹುಡುಗಿ ಎರಡನ್ನೂ ಮಾಡಿದಳು.

ಆಮೇಲೆ ಬಂದದ್ದು ಕಮರುದ್ದೀನ ಎಂಬ ಬೇರೆ ಸಾಹೇಬರು. "ಈ ಫೈಲು ತನಗ ಬ್ಯಾಡಂತ ಮಾಲತೇಶ ಹೇಳ್ಯಾರ್ರಿ" ಎಂದರು.

'ನಮ್ಮ ಭಟ್ಟಿ ಅಷ್ಟು ಕೆಟ್ಟದ್ದೇನು... ಇಲ್ಲಾ ನಾನಾ?' ಎಂದುಕೊಂಡಳು ಆರತಿ.

ಆದರೆ ಕಮರುದ್ದೀನ ಸಾಹೇಬರು ಒಪ್ಪಿಗೆ ಕೊಟ್ಟರು. ನೆರವೂ ಬಂತು, ಭಟ್ಟಿಗೆ ಗಾಳಿಯ ಎರಡನೇ ಸಾಲೂ ಕೂತಿತು. ಅದನ್ನು ಮೊದಲು ಹೊತ್ತಿಸಿದ ದಿನ ಆರತಿ ತಟ್ಟೆ ಹಿಡಿದು ಹೊರಳಿದರೆ ಎದುರಿಗೆ ಮಾಲತೇಶ, ಬೊಗಸೆ ಒಡ್ಡಿ ನಿಂತಿದ್ದ.

"ನನಗೂ ಒಂದು ಹೋಳು ಕೊಡ್ರಿ."

"ಅವತ್ತು ಬ್ಯಾಡಂದವರಿಗೆ ಇವತ್ತ್ಯಾಕ್ರಿ?"

"ತಪಾಸಣಿಗೆ ಬಂದವ ಏನೂ ಮುಟ್ಟಬಾರದ್ರಿ, ಹೋಳು ಕಾಯಿನೂ."

"ಮತ್ತ... ಫೈಲು ಯಾಕ ಬಿಟ್ರಿ?"

ಅವನ ಕಿವಿ ಕೆಂಪಾದವು. "ನಿಮ್ಮನ್ನ ನೋಡಿದ ಮ್ಯಾಲ ನಿಮ್ಮ ಭಟ್ಟಿ ಛಲೋ ಅಂತ ನಾ ಹೆಂಗ ಬರೀಲ್ರಿ? ಅದು ಖರೇ ಇದ್ರೂ, ಜನ ಹೋಗ್ಲಿ, ನಾನ ನಂಬ್ತಿದ್ದಿಲ್ಲ."

ಇಷ್ಟು ದಿನ ತಾನು ಒಳಗೇ ಕುದ್ದದ್ದೆಲ್ಲ ಇದಕ್ಕೇನು... ಆರತಿಗೆ ಅಳು, ನಗು ಒಟ್ಟಿಗೇ ಬಂದವು. ಅಪ್ಪನ ಮುಖ ನೋಡಿದಳು. ಶಾಂತಯ್ಯನವರು ತೆಳುವಾದ ಹೊಗೆಯನ್ನೇ ನೋಡುತ್ತ, "ದೊಡ್ಡ ಹೋಳ ಕೊಡವಾ" ಎಂದರು.

ಮಾಲತೇಶ ಅದನ್ನು ಮುರಿದು ಅರ್ಧ ಅವಳತ್ತ ಚಾಚಿದ.

"ನಾ ಬ್ಯಾಡ ಅಂದ್ರ?"

"ಮುಂದಿನ ವಾರ ಮತ್ತ ಬರ್ತೇನ್ರಿ."

ಆರತಿ ಕೈ ಚಾಚಿದಳು. "ಬರ್ರಿ... ಆದ್ರ ಇದನ್ನ ಈಗ ಕೊಡ್ರಿ."