ಭಾವನ ಎರಡು ಏಟು

ಇದನ್ನು ಹೇಳುವುದು ಅಧಿಕಪ್ರಸಂಗ ಅನ್ನಿಸಿದರೆ ಕ್ಷಮಿಸಿ. ಹಳೇ ಟ್ರಾನ್ಸಿಸ್ಟರ್‌ಗಳನ್ನು ಕೂಡಿಟ್ಟು ರಿಪೇರಿ ಮಾಡುವುದು ನನ್ನ ಹುಚ್ಚು. ತೀರಿಕೊಂಡ ಭಾವನ ರೇಡಿಯೊ ಮತ್ತೆ ಹಾಡಲಿ ಎಂದು ಅಕ್ಕ ಆಸೆಯಿಂದ ತಂದುಕೊಟ್ಟಿದ್ದಳು. ಭಾವ ಮಗ್ಗುಲಿಗೆ ಎರಡು ಏಟು ಕೊಟ್ಟರೆ ಮಾತ್ರ ಅದು ಹಾಡುತ್ತಿತ್ತು. ಬಿಟ್ಟುಹೋಗಿದ್ದ ಬೆಸುಗೆಯನ್ನು ಹೊಸದಾಗಿ ಹಾಕಿ ಮೂರು ಸಲ ಪರೀಕ್ಷಿಸಿದೆ.

ಮಧ್ಯಾಹ್ನ ಅಕ್ಕನ ಮುಂದೆ ಮೇಜಿನ ಮೇಲಿಟ್ಟು ಆನ್ ಮಾಡಿದೆ. ಹಾಡು ನಡುವೆಯೇ ನಿಂತಿತು. ಇಬ್ಬರೂ ಮೇಜಿನಿಂದ ದೂರ ಕೂತಿದ್ದೆವು. ಟಪ್, ಟಪ್ ಎಂದು ಸದ್ದಾಯಿತು, ಹಾಡು ಮುಂದುವರಿಯಿತು.

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಮ ಭಾವಂಗೆ ನಿನ್ನ ರಿಪೇರಿ ಮೇಲೆ ಯಾವತ್ತು ನಂಬಿಕೆ ಇತ್ತೋ?"

"ಬೆಸುಗೆ ಗಟ್ಟಿಯಾಗೇ ಇದೆ ಅಕ್ಕಾ."

"ಅದನ್ನ ಅವರಿಗೇ ಹೇಳು."

ಬಿಚ್ಚಿ ನೋಡಿದೆ. ಬೆಸುಗೆ ಗಟ್ಟಿಯಾಗೇ ಇತ್ತು. ಎಡ ಮಗ್ಗುಲಲ್ಲಿ ಅಂಗೈಯಷ್ಟು ಜಾಗ ಮಾತ್ರ ಬೆಚ್ಚಗಿತ್ತು. ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ.