ಪದ ಸಂಖ್ಯೆ ನಲವತ್ತೇಳು: ಟಾಯ್ಲೆಟ್ ಚಪ್ಪಲಿ

ಎರಡು ವಾರ ಜಪಾನ್ ಸುತ್ತಿ ಬಂದವನು ಹನ್ನೆರಡು ವರ್ಷದ ತಪಸ್ಸು ಮುಗಿಸಿದವನಂತೆ ಲಿಫ್ಟಿನಿಂದ ಇಳಿದು, ಎದುರಿಗಿದ್ದ ಕಾಫಿ ಮೆಷಿನ್ನಿಗೂ ಸೊಂಟ ಬಗ್ಗಿಸಿದಾಗ ಗಗನಾ ಮೂಗು ಮುರಿದಳು.

"ಬಂದ್ರು ನೋಡು ಸಾಮ್ರಾಟರು," ಎಂದಳು ಪಕ್ಕದ ಸೀಟಿನ ಪವಿಗೆ.

ಸ್ವರೂಪ್ ಮೈಸೂರಿನವನು, ಜರ್ಮನಿಯ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ಒಂದು ಟ್ರಾವೆಲ್ ಆ್ಯಪ್ ಕಂಪನಿಯಲ್ಲಿ ಟೆಸ್ಟರ್. ಅದೇ ಆ್ಯಪಿಗೆ ಗಗನಾ ಪದಕೋಶ ಬರೆಯುತ್ತಿದ್ದಳು: ಜಪಾನಿಗೆ ಹೋಗುವ ವಿದೇಶಿಯರಿಗೆ ಅಲ್ಲಿನ ಪದ್ಧತಿಗಳ ವಿವರಣೆ. ಅನ್ನದ ಬಟ್ಟಲಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಬೇಡಿ, ಬಿಸಿನೀರಿನ ಕೊಳಕ್ಕೆ ಇಳಿಯುವ ಮೊದಲು ಮೈ ತೊಳೆದುಕೊಳ್ಳಿ ಎಂದು ಎಮ್ಮೆಯಂತೆ ಬೆಳೆದವರಿಗೆ ಹೇಳಿ ಹೇಳಿ, ಪ್ರವಾಸಿಗರೆಂಬ ಇಡೀ ಕುಲದ ಮೇಲೆ ಅವಳಿಗೆ ತಾತ್ಸಾರ ಬಂದಿತ್ತು. ಆ ಕುಲಕ್ಕೆ ಸ್ವರೂಪನೇ ತಿಲಕ. ಹೊರಡುವ ಮುಂಚೆ ಅವಳ ಪದಕೋಶದ ಬಗ್ಗೆ ಪ್ರಶ್ನೆ-ದೂರು ದಾಖಲಿಸುವ ಆಫೀಸಿನ ಸಿಸ್ಟಮ್ಮಿನಲ್ಲಿ ನಲವತ್ತು ಟಿಕೆಟ್ ಹಾಕಿದ್ದ. ಒಂದಕ್ಕಿಂತ ಒಂದು ದಡ್ಡ ಪ್ರಶ್ನೆ. ಎದುರಿಗೆ ಬಂದು ಬಾಯಿ ತೆರೆದರೆ, "ಟಿಕೆಟ್ ಹಾಕಿ" ಎಂದು ಅವಳೇ ಅಟ್ಟುತ್ತಿದ್ದಳು.

ಈ ಎರಡು ವಾರ ಒಂದು ಟಿಕೆಟ್ಟೂ ಬಂದಿರಲಿಲ್ಲ. ದಿನಕ್ಕೆ ಹತ್ತು ಸಲ ನೋಡಿ, ನೋಡಿದ್ದಕ್ಕೆ ತನ್ನ ಮೇಲೆಯೇ ಸಿಡುಕಿದ್ದಳು. ಸೋಮವಾರದಿಂದ ಅವನಿಗೆ ರೈಲಿನಲ್ಲಿ ಎರಡು ಗಂಟೆ ದೂರದ ಎರ್ಲಾಂಗೆನ್‌ನಲ್ಲಿ ಹೊಸ ಕೆಲಸ. ಇಲ್ಲಿ ಇವತ್ತೇ ಕೊನೆಯ ದಿನ.

ಸ್ವರೂಪ್ ಡಬ್ಬ ತೆರೆದು ಸೀಟಿನಿಂದ ಸೀಟಿಗೆ ಸಿಹಿ ಹಂಚುತ್ತ ಬಂದ. ಒಮಿಯಾಗೆ. ಆ ಪದವನ್ನೂ ಅವಳೇ ಬರೆದಿದ್ದಳು: ಪ್ರವಾಸ ಹೋಗಿ ಬಂದವರು ಆಫೀಸಿನ ಪ್ರತಿಯೊಬ್ಬರಿಗೂ ಅಲ್ಲಿಯ ತಿಂಡಿ ತರಬೇಕು, ಯಾರನ್ನೂ ಬಿಡಬಾರದು. ಪವಿಗೆ ಕೊಟ್ಟ. ಆಚೆಯ ಜರ್ಮನ್ ಮ್ಯಾನೇಜರಿಗೂ ಕೊಟ್ಟ. ನಡುವೆ ಕೂತಿದ್ದ ಗಗನಾಳ ಮುಂದೆ ಡಬ್ಬ ನಿಲ್ಲಲೇ ಇಲ್ಲ.

ಅವಳ ಮುಖ ಕೆಂಪಾಯಿತು. ಸಿಹಿ ಯಾರಿಗೆ ಬೇಕು ಎಂದುಕೊಂಡಳು. ಐದು ನಿಮಿಷಕ್ಕೆ ಪ್ಯಾಂಟ್ರಿಯಲ್ಲಿ ಅವನನ್ನು ಹಿಡಿದಳು.

"ನಾನೇನ್ರೀ ಪಾಪ ಮಾಡಿದ್ದೆ?"

"ಮಾಡಿದ್ರಲ್ಲ! ಟಾಯ್ಲೆಟ್ಟಿಗೆ ಬೇರೆ ಚಪ್ಪಲಿ ಇರುತ್ತೆ, ಅದನ್ನೇ ಹಾಕ್ಕೊಳ್ಳಿ ಅಂತ ಬರೆದ್ರಿ. ಹಾಕ್ಕೊಂಡೆ. ಹೊರಗೆ ಬರ್ತಾ ಬಿಟ್ಟು ಬನ್ನಿ ಅಂತ ಬರೆದ್ರಾ? ಅದೇ ಕಾಲಲ್ಲಿ ಊಟದ ಹಾಲ್‌ಗೆ ಹೋದೆ. ಇಪ್ಪತ್ತು ಜನ ಕೂತಿದ್ರು. ಒಬ್ಬರೂ ಏನೂ ಅನ್ನಲಿಲ್ಲ ರೀ, ಬರೀ ನನ್ನ ಕಾಲು ನೋಡಿದ್ರು."

"ಅಷ್ಟೂ ಬುದ್ಧಿ ಬೇಡ್ವಾ? ಮೈಸೂರಲ್ಲಿ ಬಚ್ಚಲ ಚಪ್ಪಲಿ ಹಾಕ್ಕೊಂಡೇ ಊಟಕ್ಕೆ ಕೂರ್ತಿದ್ರಾ?"

"ನಿಮ್ಮ ಮೇಲೆ ಅಷ್ಟು ನಂಬಿಕೆ. ನೀವು ಬರೀದೇ ಇರೋದನ್ನ ಮಾಡಬಾರದು ಅಂದ್ಕೊಂಡೆ."

ನಗು ಬಂದರೂ ಅವಳು ಹಲ್ಲು ಕಚ್ಚಿ ಹಿಡಿದಳು. ಅವನ ಕಣ್ಣು ಅವಳ ತುಟಿಯ ಅಂಚಿನಲ್ಲೇ ಕಾಯುತ್ತಿತ್ತು. "ಅದಕ್ಕೆ ಸಿಹಿ ಇಲ್ವಾ?" ಎಂದಳು.

"ಅದು ಆಫೀಸಿನವರಿಗೆ ತಂದಿದ್ದು." ಅವನು ಬ್ಯಾಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. "ನಿಮ್ಮನ್ನ ಆಫೀಸಿನವರು ಅಂದ್ಕೊಳ್ಳೋದು ಬಿಟ್ಟು ನನಗೆ ಬಹಳ ದಿನ ಆಯ್ತು ಗಗನಾ. ಆ ನಲವತ್ತು ಪ್ರಶ್ನೆಗೂ ಉತ್ತರ ಗೊತ್ತಿತ್ತು ನನಗೆ."

ಒಳಗಿದ್ದದ್ದು ಹತ್ತಿ ಬಟ್ಟೆಯಲ್ಲಿ ಹೊಲಿದ, ಮನೆಯೊಳಗೆ ಹಾಕುವ ಒಂದು ಜೊತೆ ಕೆಂಪು ಚಪ್ಪಲಿ.

"ಎರ್ಲಾಂಗೆನ್‌ನಲ್ಲಿ ಮನೆ ಸಿಕ್ಕಿದೆ. ಬಾಗಿಲ ಹತ್ರ ನನ್ನ ಚಪ್ಪಲಿ ಪಕ್ಕ ಇಡೋಣ ಅಂತ... ನೀವು ಒಪ್ಪಿದ್ರೆ."

ಗಗನಾ ಶೂ ಬಿಚ್ಚಿ ಕಾಲಿಟ್ಟಳು. ಹಿಮ್ಮಡಿಯ ಹಿಂದೆ ಮೂರು ಬೆರಳು ಜಾಗ ಉಳಿಯಿತು.

"ಅಳತೆನೂ ಗೊತ್ತಿಲ್ಲ ನಿಮಗೆ."

"ಕೇಳಿದ್ರೆ ಟಿಕೆಟ್ ಹಾಕಿ ಅಂತಿದ್ರಿ."

ಆಗ ಅವಳು ನಕ್ಕುಬಿಟ್ಟಳು. ಇಂಥ ಪೆದ್ದನಿಗಾಗಿ ಎರಡು ವಾರ ಕಾದಿದ್ದೆನಲ್ಲ ಎಂದು ನಾಚಿಕೆಯಾಯಿತು. ಇನ್ನು ಕಾಯಲಾರೆ ಎಂಬುದೂ ಅಷ್ಟೇ ಖಚಿತವಾಯಿತು. ಚಪ್ಪಲಿ ಕಳಚಿ ಅವನ ಕೈಗೇ ತುರುಕಿದಳು.

ಅವನ ಮುಖ ಇಳಿಯಿತು. "ಬೇಡ್ವಾ?"

"ಬಾಗಿಲ ಹತ್ರ ಇಡೋದಕ್ಕೆ ಅಂದ್ರಲ್ಲ, ಅಲ್ಲೇ ಇಡಿ. ನಾಳೆ ಹನ್ನೊಂದಕ್ಕೆ ಬರ್ತೀನಿ. ಊಟಕ್ಕೆ ಕೂರೋ ಮುಂಚೆ ನಿಮ್ಮ ಕಾಲು ನೋಡ್ತೀನಿ."

ಸೀಟಿಗೆ ಮರಳಿ ಅವಳು ನಲವತ್ತೇಳನೆಯ ಪದ ತೆರೆದು ಒಂದು ಸಾಲು ಸೇರಿಸಿದಳು: ಹೊರಗೆ ಬರುವಾಗ ಈ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬನ್ನಿ. ಇಷ್ಟನ್ನೂ ಹೇಳಬೇಕಾದವನೊಬ್ಬ ಈ ಭೂಮಿಯ ಮೇಲಿದ್ದ, ಅವನು ಅವಳಿಗೇ ಸಿಕ್ಕಿದ್ದ.