ಮೂವತ್ತು ಅಡಿಯೊಳಗೆ

ಕಮಲಾಪುರ ಬಸ್‌ಸ್ಟ್ಯಾಂಡಿನ ಎದುರಿಗೆ ಹೇಮಾವತಿಯ ಜೆರಾಕ್ಸ್ ಅಂಗಡಿ. ಆರು ವಾರದ ಹಿಂದೆ ಅದೇ ಅಂಗಡಿಯ ಮೆಟ್ಟಿಲ ಮೇಲೆ, ಹತ್ತು ಜನ ಕೇಳುವಂತೆ, ಅವಳು ಬಸವಕುಮಾರನಿಗೆ "ಸಾಯೋದಿದ್ರ ಬ್ಯಾರೆ ಕಡೆ ಹೋಗಿ ಸಾಯ್ರಿ" ಅಂದಿದ್ದಳು.

ಅಂದದ್ದಕ್ಕೆ ಕಾರಣವಿತ್ತು. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಹೊಸಪೇಟೆಯ ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿರಲಿಲ್ಲ, ಆ ಮನುಷ್ಯ ಅವಳ ಮೆಟ್ಟಿಲ ಮೇಲೆ ನಿಂತು ಬೀಡಿ ಹಚ್ಚಿದ್ದ. ಅದೂ ಯಾವಾಗ? ಅವಳು ಅರ್ಧ ತಾಸು ಕೂತು ಅವನ ಹೊಸ ವಾಚು ಶುರು ಮಾಡಿ, ತನ್ನ ಕೈಯಾರೆ ಅವನ ಮಣಿಕಟ್ಟಿಗೆ ಕಟ್ಟಿ, ಪಟ್ಟಿಯ ಎಷ್ಟನೇ ತೂತು ಸರಿಯಾಗುತ್ತದೆ ಅಂತ ಎರಡು ಸಲ ಬಿಚ್ಚಿ ಕಟ್ಟಿ ಕಳಿಸಿದ ಮರುಗಳಿಗೆ. ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ?

ಬಸವಕುಮಾರ ಬೀಡಿಯನ್ನು ಕೆಳಗೆ ಹಾಕಿ ಹೊಸಕಿದ. ಮೆಟ್ಟಿಲು ಇಳಿದು ಹೋದ. ಮತ್ತೆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಅವನು ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವವನು. ವಯಸ್ಸು ನಲವತ್ತೇಳು. ಮೂವರು ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡವನು. ತಮ್ಮನ ಮನೆಯಲ್ಲಿ ಇರುತ್ತಾನೆ. ಹೇಮಾವತಿಗೆ ನಲವತ್ತೆರಡು. ಗಂಡ ತೀರಿ ಹನ್ನೊಂದು ವರ್ಷ. ಎಂಟು ವರ್ಷದಿಂದ ಬಸವಕುಮಾರ ಲೈಸೆನ್ಸಿನ ಜೆರಾಕ್ಸ್ ಬೇಕು ಅಂತ ಅವಳ ಅಂಗಡಿಗೆ ಬರುತ್ತಿದ್ದ. ಒಬ್ಬ ಡ್ರೈವರಿಗೆ ಒಂದು ಲೈಸೆನ್ಸಿನ ಎಷ್ಟು ಜೆರಾಕ್ಸ್ ಬೇಕಾಗುತ್ತವೆ ಅಂತ ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಬರುವುದು ನಿಂತೀತು ಅಂತ ಹೆದರಿಕೆ.

ಹಾಗೆ ಬರುತ್ತಿದ್ದವನು ಒಂದು ಮಾತಿಗೆ ನಿಂತುಬಿಟ್ಟ.

ಇನ್ನು ಆ ವಾಚಿನ ವಿಷಯ. ನಡೆದ ಹೆಜ್ಜೆ, ಎದೆಬಡಿತ ಎಣಿಸುವ ವಾಚು, ತಮ್ಮ ತಂದುಕೊಟ್ಟಿದ್ದ. ಟಿಪ್ಪರಿನಲ್ಲಿ ಎದೆ ಹಿಡಿದುಕೊಂಡು ಕುಸಿದ ದಿನ ಬಸವಕುಮಾರನ ಫೋನು ಕೆಳಗೆ ಬಿದ್ದು ಒಡೆದು ರಿಪೇರಿಗೆ ಹೋಗಿತ್ತು. ವಾಚು ಶುರುವಾಗಬೇಕಾದರೆ ಯಾವುದಾದರೂ ಒಂದು ಫೋನು ಬೇಕೇ ಬೇಕು. ಸದ್ಯಕ್ಕೆ ಇರಲಿ ಅಂತ ಹೇಮಾವತಿ ತನ್ನ ಫೋನಿಗೇ ಜೋಡಿಸಿದಳು. ಅವನಿಗೆ ಅದನ್ನು ಹೇಳಿಯೂ ಇದ್ದಳು. ಅವನ ತಲೆಗೆ ಹೋಗಿರಲಿಲ್ಲ. ಆಗ ಅವಳ ಬೆರಳು ಅವನ ಮಣಿಕಟ್ಟಿನ ಮೇಲಿತ್ತು.

ಜಗಳವಾದ ಮರುದಿನ ಸಂಜೆ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಕಿಟಕಿಯಲ್ಲಿಟ್ಟ ಫೋನು ಸಣ್ಣಗೆ ಸದ್ದು ಮಾಡಿತು. ಹಿಟ್ಟಿನ ಕೈಯಲ್ಲೇ ಎತ್ತಿ ನೋಡಿದಳು. ಇವತ್ತು ಎರಡು ಸಾವಿರದ ನೂರು ಹೆಜ್ಜೆ. ಎದೆಬಡಿತ ಎಪ್ಪತ್ತೆಂಟು.

ಅಳಿಸಿಬಿಡಬೇಕು ಅಂತ ಬೆರಳಿಟ್ಟಳು. ಅಳಿಸಲಿಲ್ಲ.

ಅಲ್ಲಿಂದ ದಿನಾ ಸಂಜೆ ಆರೂವರೆಯ ಸುಮಾರಿಗೆ ಅದೇ ಸದ್ದು. ಎರಡು ಸಾವಿರ ಮೂರಾಯಿತು, ಐದಾಯಿತು, ಆರು ದಾಟಿತು. ಅವನು ಬೀಡಿ ಬಿಟ್ಟಿದ್ದಾನೋ ಇಲ್ಲವೋ ವಾಚು ಹೇಳುತ್ತಿರಲಿಲ್ಲ. ಬದುಕಿದ್ದಾನೆ ಅಂತ ಹೇಳುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ನಡುವೆ ಒಮ್ಮೆ ಎರಡು ದಿನ ಫೋನು ಸುಮ್ಮನಿತ್ತು. ಆ ಎರಡು ದಿನ ಹೇಮಾವತಿ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಮೂರನೆಯ ಸಂಜೆ ಮೂರು ದಿನದ ಹೆಜ್ಜೆಗಳೂ ಒಟ್ಟಿಗೆ ಬಂದವು. ನೆಟ್ ಇರಲಿಲ್ಲವೇನೋ ಅಂದುಕೊಂಡಳು. ಒಲೆಯ ಮುಂದೆ ಕೂತು ಗಳಗಳ ಅತ್ತಳು. ತಾನೇ ಸಾಯಿ ಅಂದವನು ಸಾಯಲಿಲ್ಲ ಅಂತ ಅಳುವ ಹೆಂಗಸಿಗೆ ಏನೆನ್ನಬೇಕು?

ಗುರುವಾರ ಮಧ್ಯಾಹ್ನ ಬಸವಕುಮಾರ ಅಂಗಡಿಗೆ ಬಂದ. ಕುಂದ್ರಿ ಅಂದರೂ ಕೂರಲಿಲ್ಲ. ವಾಚು, ಅದರ ಡಬ್ಬಿ, ಮೊನ್ನೆಯಷ್ಟೇ ರಿಪೇರಿಯಾಗಿ ಬಂದ ಫೋನು ಮೂರನ್ನೂ ಕೌಂಟರಿನ ಮೇಲಿಟ್ಟ. ಸೊರಗಿದ್ದ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗಿತ್ತು. ಅವಳು ಅದನ್ನು ನೋಡಿದ್ದನ್ನು ಅವನು ನೋಡಿದ, ತಕ್ಷಣ ಗುಂಡಿ ಹಾಕಿಕೊಂಡ.

ಅವನ ಸಂಕಟ ಇಷ್ಟು. ನಾಳೆ ಹತ್ತು ಗಂಟೆಗೆ ಹೊಸಪೇಟೆಯ ಡಾಕ್ಟರನ್ನು ಕಾಣಬೇಕು. ಉಳಿದ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಆದರೆ ಆ ಡಾಕ್ಟರು ಬಾಯಿಮಾತು ನಂಬುವವರಲ್ಲ. ನಡೆದೆ ಅಂತ ಎಲ್ಲರೂ ಹೇಳುತ್ತಾರೆ, ನಲವತ್ತು ದಿನದ ನಡಿಗೆಯನ್ನು ಫೋನಿನಲ್ಲಿ ತೋರಿಸು, ಟಿಪ್ಪರ್ ಹತ್ತಬಹುದು ಅಂತ ಪತ್ರ ಬರೆಯುತ್ತೇನೆ ಅಂದಿದ್ದರಂತೆ. ಸೋಮವಾರದೊಳಗೆ ಪತ್ರ ಕೊಡದಿದ್ದರೆ ಕಂಪನಿ ಅವನನ್ನು ಗೇಟಿನಲ್ಲಿ ಚೀಟಿ ಬರೆಯಲು ಕೂರಿಸುತ್ತದೆ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ಅದು. ಈಗ ನೋಡಿದರೆ ಅವನ ಫೋನಿನ ಆ್ಯಪು ವಾಚನ್ನು ಹುಡುಕುತ್ತಲೇ ಇದೆ, ಹೆಜ್ಜೆ ಸೊನ್ನೆ ಅನ್ನುತ್ತದೆ. ಹೊಸಪೇಟೆಯ ಮೊಬೈಲ್ ಅಂಗಡಿಯವನು ವಾಚಿನ ಬೋರ್ಡೇ ಹೋಗಿದೆ ಅಂದನಂತೆ. ಸಂಡೂರಿನ ಗೆಳೆಯ ಬಿಸಾಕು ಅಂದನಂತೆ.

"ನಲವತ್ತು ದಿನ ನಡದೀನ್ರಿ ಮೇಡಮ್," ಅಂದ. "ನಾಳಿ ಡಾಕ್ಟರ್ ಮುಂದ ಸುಳ್ಳ ಆಗ್ತೀನಿ."

ಅಷ್ಟರಲ್ಲಿ ಹೇಮಾವತಿಯ ಡ್ರಾದೊಳಗೆ ಸಣ್ಣ ಸದ್ದಾಯಿತು. ಅವಳ ಫೋನಿಗೆ ಅವನ ಇವತ್ತಿನ ಹೆಜ್ಜೆಗಳು ಬಂದಿದ್ದವು. ಅವಳು ಡ್ರಾ ತೆರೆದು ಫೋನಿನ ಮೇಲೆ ಪಿನ್ನಿನ ಡಬ್ಬಿ ಹೇರಿ ಮುಚ್ಚಿದಳು.

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಆರು ವಾರ ಪರಗಂಡಸಿನ ಎದೆಬಡಿತ ನೋಡಿಕೊಂಡು ಕೂತಿದ್ದೆ ಅಂತ ಯಾವ ಬಾಯಲ್ಲಿ ಹೇಳುವುದು? ಬೇಕಂತಲೇ ಬಿಟ್ಟುಕೊಡದೆ ಆಟ ಆಡಿಸಿದಳು ಅಂದುಕೊಂಡರೆ? ಅದಕ್ಕೇ ಅವಳು ರಿಪೇರಿಯ ನಾಟಕ ಶುರು ಮಾಡಿದಳು. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದಳು. ಫೋನನ್ನು ಒಮ್ಮೆ ಮಲಗಿಸಿ ಎಬ್ಬಿಸಿದಳು. ಲೊಕೇಶನ್ ಕೊಟ್ಟಳು. ಆ್ಯಪನ್ನು ತೆಗೆದು ಮತ್ತೆ ಹಾಕಿದಳು. ಇದ್ಯಾವುದರಿಂದಲೂ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ, ಕಳ್ಳಿಯ ಹಾಗೆ ತಲೆ ತಗ್ಗಿಸಿ ಒಂದೊಂದನ್ನೇ ಒತ್ತಿದಳು.

"ಆವತ್ತು ಅರ್ಧ ತಾಸಿನಾಗ ಮುಗಿಸಿದ್ರಿ," ಅಂದ ಅವನು.

"ಆವತ್ತು ಒಳಗ ಇದ್ದಾಗ ನಿಮ್ಮ ಬಾಯಾಗ ಬೀಡಿ ಇರಲಿಲ್ಲ."

"ಈಗೂ ಇಲ್ರಿ." ಅವನು ಕೌಂಟರಿನ ಗಾಜಿನ ಮೇಲೆ ಉಗುರಿನಿಂದ ಗೀರುತ್ತಿದ್ದ. "ಆವತ್ತಿಂದ ಇಲ್ಲ."

ಹೇಮಾವತಿಯ ಬೆರಳು ಫೋನಿನ ಮೇಲೆ ನಿಂತುಹೋಯಿತು. ಹೇಳಿಬಿಡಬೇಕು ಅಂತ ಬಾಯಿ ತೆರೆದಳು. ಅವನು ಅಷ್ಟು ಹೊತ್ತು ಕಾಯುವ ಪೈಕಿ ಅಲ್ಲ. ಡಬ್ಬಿಯ ಮೇಲಿದ್ದ ಹೆಲ್ಪ್‌ಲೈನ್ ನಂಬರು ಒತ್ತಿ ಸ್ಪೀಕರಿಗೆ ಹಾಕಿಯೇಬಿಟ್ಟ.

ಮೈಸೂರು ಕಡೆಯ ಕನ್ನಡದ ಹುಡುಗಿಯೊಬ್ಬಳು ಮಾತಾಡಿದಳು. ವಾಚಿನ ಬೆನ್ನಿನ ಮೇಲಿನ ನಂಬರು ಕೇಳಿ ಬರೆದುಕೊಂಡಳು. ಆಮೇಲೆ ಮೆತ್ತಗೆ ಹೇಳಿದಳು. ವಾಚು ಕೆಟ್ಟಿಲ್ಲ. ಅದು ಆಗಲೇ ಬೇರೊಂದು ಫೋನಿಗೆ ಸೇರಿಕೊಂಡಿದೆ. ಒಂದು ವಾಚು ಒಂದೇ ಫೋನಿಗೆ ಸೇರುವುದು, ಹಾಗಾಗಿ ಈ ಫೋನಿಗೆ ಸಿಗುತ್ತಿಲ್ಲ. ಮೊದಲು ಯಾರ ಫೋನಿಗೆ ಹಾಕಿದ್ದಿರಿ ಸರ್?

ಯಾರ ಫೋನಿಗೂ ಹಾಕಿಲ್ಲ ಅಂತ ಬಸವಕುಮಾರ ದನಿ ಏರಿಸಿದ.

ಹೇಮಾವತಿ ಡ್ರಾ ಎಳೆದಳು. ಪಿನ್ನಿನ ಡಬ್ಬಿ ಸರಿಸಿ, ತನ್ನ ಫೋನನ್ನು ತೆಗೆದು ಅವನ ಮುಂದಿಟ್ಟಳು.

"ನನ್ನ ಫೋನು," ಅಂದಳು.

ಪರದೆಯ ಮೇಲೆ ನಲವತ್ತೊಂದು ದಿನ ಸಾಲಾಗಿ ನಿಂತಿದ್ದವು. ಅವನು ಒಂದೊಂದನ್ನೇ ಬೆರಳಿನಿಂದ ಸರಿಸಿ ನೋಡಿದ. ಎರಡು ಸಾವಿರ, ಮೂರು, ಐದು, ಆರು. ಒಂದು ದಿನವೂ ಕಳೆದುಹೋಗಿರಲಿಲ್ಲ. ಆಗ ಸ್ಟೂಲು ಎಳೆದುಕೊಂಡು ಕೂತ. ಅವನ ಬಾಯಿಂದ ಹೊರಟ ಉಸಿರು ಎಷ್ಟು ದೊಡ್ಡದಿತ್ತೆಂದರೆ ಕೌಂಟರಿನ ಮೇಲಿದ್ದ ಅರ್ಜಿ ಫಾರಮ್ಮುಗಳು ಅಲುಗಿದವು. ಗಣಿಯ ಕೆಲಸ ಉಳಿದಿತ್ತು.

ನಿಧಾನಕ್ಕೆ ಅವನಿಗೆ ಇನ್ನೊಂದು ಹೊಳೆಯಿತು.

"ದಿನಾ ನೋಡ್ತಿದ್ರೇನು?"

"ನೋಡ್ತಿದ್ದೆ."

"ಯಾಕ್ರಿ?"

"ಬದುಕೀರೋ ಇಲ್ಲೋ ಗೊತ್ತಾಗಬೇಕಲ್ಲ. ಸಾಯ್ರಿ ಅಂದೋಕಿ ನಾನು."

ಅವಳು ಸಿಟ್ಟಿನಿಂದಲೇ ಅಂದಳು. ಬೇರೆ ದನಿಯಲ್ಲಿ ಅಂದಿದ್ದರೆ ಅಳು ಬರುತ್ತಿತ್ತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಎಂಟು ವರ್ಷದಲ್ಲಿ ಕೈಯಲ್ಲಿ ಒಂದು ಲೈಸೆನ್ಸ್ ಹಿಡಿಯದೆ ಅವಳನ್ನು ಅಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಹೇಮಾವತಿ ಸೆರಗು ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

ಹೆಲ್ಪ್‌ಲೈನಿನ ಹುಡುಗಿ ಪಾಪ, ತನ್ನ ಕೆಲಸ ತಾನು ಮಾಡುತ್ತಿದ್ದಳು. ರೆಕಾರ್ಡು ಎಲ್ಲೂ ಹೋಗುವುದಿಲ್ಲ, ವಾಚು ಆ ಫೋನಿನ ಹತ್ತಿರ ಬಂದಾಗಲೆಲ್ಲ ತಾನಾಗಿ ಅದರೊಳಗೆ ಹೋಗಿರುತ್ತದೆ ಅಂತ ವಿವರಿಸಿದಳು.

"ಹತ್ತಿರ ಯಾಕವ್ವಾ?" ಅಂದಳು ಹೇಮಾವತಿ. "ನೆಟ್‌ನಾಗ ಬರಂಗಿಲ್ಲೇನು?"

"ಇಲ್ಲ ಮೇಡಂ. ವಾಚಲ್ಲಿ ಸಿಮ್ಮೂ ಇಲ್ಲ, ನೆಟ್ಟೂ ಇಲ್ಲ. ಫೋನಿಂದ ಮೂವತ್ತು ಅಡಿಯೊಳಗೆ ಬಂದ್ರೆ ಮಾತ್ರ ಹೋಗೋದು."

ಹತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವಳಿಗೆ ಇಷ್ಟು ತಿಳಿಯಬಾರದೇ ಅಂತ ಯಾರಾದರೂ ಕೇಳಬಹುದು. ತಿಳಿಯಲಿಲ್ಲ. ಅವಳ ಕಣ್ಣು ಹೆಜ್ಜೆಗಳ ಮೇಲಿತ್ತು, ಅವು ಬರುವ ದಾರಿಯ ಮೇಲಲ್ಲ. ಈಗ ಲೆಕ್ಕ ಹಾಕಿದಳು. ಸಂಜೆ ಆರೂವರೆಗೆ ಅವಳು ಮನೆಯಲ್ಲಿ, ಅಡುಗೆಮನೆಯಲ್ಲಿ. ಫೋನು ಕಿಟಕಿಯಲ್ಲಿ. ಬಾಳೆಕಾಯಿ ಗೋದಾಮಿನ ಹಿಂದಿನ ಓಣಿಯಲ್ಲಿ ಐದೇ ಮನೆ, ಕೊನೆಯದು ಅವಳದು.

ಬಸವಕುಮಾರ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದ್ದ.

"ನಮ್ಮ ಓಣಿ ಮುಂದ ಎಲ್ಲಿಗೆ ಹೋಗ್ತೈತ್ರಿ?" ಅಂದಳು ಹೇಮಾವತಿ.

"ಎಲ್ಲಿಗೂ ಹೋಗಂಗಿಲ್ರಿ. ಗ್ವಾಡಿ ಐತಿ."

"ಮತ್ತ ದಿನಾ ಬಂದೀರಿ."

"ವಾಕಿಂಗ್ ಹೇಳಿದ್ರಲ್ರಿ ಡಾಕ್ಟರು."

"ವಾಕಿಂಗಿಗೆ ಅಷ್ಟುದ್ದ ಕೆರಿ ಏರಿ ಐತಿ ಊರಾಗ."

ಅವನು ಕ್ಯಾಲೆಂಡರಿನಿಂದ ಕಣ್ಣು ತೆಗೆಯಲಿಲ್ಲ. "ಕೆರಿ ಏರಿ ಮ್ಯಾಲ ನೀವು ರೊಟ್ಟಿ ಬಡಿಯೋ ಸಪ್ಪಳ ಕೇಳಂಗಿಲ್ಲ," ಅಂದ.

ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿಯ ಬಸ್ಸು ಹಾರನ್ ಹೊಡೆಯುತ್ತಿತ್ತು. ಹೇಮಾವತಿಗೆ ಅದು ಬಹಳ ದೂರದಲ್ಲೆಲ್ಲೋ ಕೇಳಿಸಿತು.

ಆಮೇಲೆ ಅವನು ಎಲ್ಲ ಹೇಳಿದ. ಗೋಡೆಯ ಹತ್ತಿರ ಐದು ನಿಮಿಷ ನಿಲ್ಲುತ್ತಿದ್ದ. ಬಾಗಿಲು ಬಡಿಯಬೇಕು ಅಂತ ದಿನಾ ಹೊರಡುತ್ತಿದ್ದ. ಅವಳ ಬೈಗುಳ ನೆನಪಾಗಿ ಕೈ ಮೇಲೇಳುತ್ತಿರಲಿಲ್ಲ. ಅವಳು ಎರಡು ರೊಟ್ಟಿ ಬಡಿದು ನಿಲ್ಲಿಸುತ್ತಿದ್ದಳು. ಎರಡರ ಸದ್ದು ಮುಗಿದರೆ ಇವನು ವಾಪಸ್ಸು. ಒಂದು ದಿನ ಮಾತ್ರ ಎರಡಕ್ಕೆ ನಿಲ್ಲಲಿಲ್ಲ, ನಾಲ್ಕು ಬಡಿದಳು. ಯಾರೋ ಬಂದಿದ್ದಾರೆ, ಇನ್ನು ತನಗಲ್ಲಿ ಕೆಲಸವಿಲ್ಲ ಅಂದುಕೊಂಡು ಎರಡು ದಿನ ಕೆರೆ ಏರಿಗೆ ಹೋದ.

ಆ ಎರಡು ದಿನ. ಹೇಮಾವತಿ ಕಣ್ಣು ಮುಚ್ಚಿಕೊಂಡಳು.

"ನನ್ನ ತಂಗಿ ದೇವಿಕಾ ಬಂದಿದ್ಲು," ಅಂದಳು. "ಗಾದಿಗನೂರಿಂದ. ಒಂದ ರಾತ್ರಿ ಇದ್ದು ಹೋದ್ಲು."

"ಮೂರನೇ ದಿನ ತಡಿಲಾರ್ದ ಬಂದು ಕೇಳಿದೆ. ಮತ್ತ ಎರಡ. ಜೀವ ತಣ್ಣಗಾತು."

"ಬಾಗಲ ಬಡಿಯೋಕ ಏನಾಗಿತ್ತು? ಅಷ್ಟು ಕೆಟ್ಟೋಳೇನು ನಾನು?"

"ಸಾಯ್ರಿ ಅಂದಿದ್ರಿ."

"ನಾನು ಅನ್ನೋಕಿನೇ. ನಾಳಿ ಮತ್ತ ಬೀಡಿ ಕಂಡರ ಮತ್ತ ಅಂತೀನಿ. ಆದ್ರ ಮನಿ ಒಳಗ ಬಂದು ಅನಿಸಿಕೊಳ್ರಿ, ಗ್ವಾಡಿ ಹತ್ರ ನಿಂತಲ್ಲ."

ಅವನಿಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಮೇಲೆ ಅವನ ಮುಖದಲ್ಲಿ ಮೊದಲು ಹಣೆ ಸಡಿಲವಾಯಿತು, ಆಮೇಲೆ ಕಣ್ಣು, ಕೊನೆಗೆ ಮೀಸೆಯ ಕೆಳಗೆ ಎಲ್ಲೋ ಒಂದು ನಗು ಹೊರಬಿತ್ತು. ನಲವತ್ತೇಳರ ಗಂಡಸು ಹಾಗೆ ನಗಬಾರದು. ನೋಡುವವರಿಗೆ ಕಷ್ಟ.

"ಸರ್, ಲೈನಲ್ಲಿದ್ದೀರಾ?" ಅಂದಿತು ಫೋನು. "ನಿಮ್ಮ ಸಮಸ್ಯೆ ಬಗೆಹರೀತಾ ಸರ್?"

ಆ ಹುಡುಗಿ ಇಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದಳು ಅಂತ ಇಬ್ಬರಿಗೂ ಆಗಲೇ ಗೊತ್ತಾದದ್ದು. ಹೇಮಾವತಿ ಬಾಯಿಗೆ ಸೆರಗು ಹಿಡಿದಳು. ಬಸವಕುಮಾರ ಅವಳ ಮುಖವನ್ನೇ ನೋಡುತ್ತ, ಏನು ಹೇಳಲಿ ಅಂತ ಹುಬ್ಬಿನಲ್ಲೇ ಕೇಳಿದ.

"ಬಗೆಹರೀತು ಅನ್ರಿ," ಅಂದಳು ಅವಳು.

ಮರುದಿನ ಬೆಳಿಗ್ಗೆ ಹೇಮಾವತಿ ಅಂಗಡಿಗೆ ಬೀಗ ಹಾಕಿ ಅವನ ಜೊತೆ ಹೊಸಪೇಟೆಗೆ ಹೋದಳು. ಡಾಕ್ಟರು ಅವಳ ಫೋನು ಇಸಿದುಕೊಂಡು ನಲವತ್ತೊಂದು ದಿನವನ್ನೂ ಕೆಳಗಿನಿಂದ ಮೇಲಕ್ಕೆ ನೋಡಿದರು. ಅವರು ನೋಡುವವರೆಗೆ ಅವಳು ಉಸಿರಾಡಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಆಮೇಲೆ ಅವರು ಪೆನ್ನಿನ ಮುಚ್ಚಳ ತೆಗೆದರು. ಸೋಮವಾರದಿಂದ ಹಗಲು ಪಾಳಿ ಮಾತ್ರ, ಆರು ತಿಂಗಳು ರಾತ್ರಿ ಪಾಳಿ ಬೇಡ, ಅಂತ ಬರೆದು ಸಹಿ ಹಾಕಿ ಕೊಟ್ಟರು. ಹೊರಗೆ ಬಂದು ಬಸವಕುಮಾರ ಆ ಕಾಗದವನ್ನು ಓದಲು ಅವಳ ಕೈಗೇ ಕೊಟ್ಟ. ತನ್ನ ಕನ್ನಡಕ ಮರೆತು ಬಂದಿದ್ದೇನೆ ಅಂದ. ಕನ್ನಡಕ ಅವನ ಜೇಬಿನಲ್ಲೇ ಇತ್ತು. ಅವಳಿಗೆ ಕಂಡಿತು, ಏನೂ ಅನ್ನದೆ ಎರಡು ಸಲ ಓದಿ ಹೇಳಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟೊಂದು ಸಿಕ್ಕಿತು. ಹೇಮಾವತಿ ಕಿಟಕಿಗೆ ಕೂತಳು, ಅವನು ನೀರಿನ ಬಾಟಲಿ ತರಲು ಇಳಿದ. ಅಷ್ಟರಲ್ಲಿ ಅವಳ ಓಣಿಯ ಎದುರು ಮನೆಯ ಪಕೀರಮ್ಮ ಚೀಲ ಹೊತ್ತುಕೊಂಡು ಹತ್ತಿದಳು. ಅರವತ್ತು ದಾಟಿದ ಜೀವ. ಖಾಲಿ ಜಾಗ ಕಂಡು, ಸರಕೋ ಅವ್ವ ಅನ್ನುತ್ತ ಕೂರಲು ಬಂದಳು.

ಹೇಮಾವತಿ ಆ ಜಾಗದ ಮೇಲೆ ಕೈ ಇಟ್ಟಳು. ಬಸ್ಸಿನ ತುಂಬ ಕಮಲಾಪುರದವರಿದ್ದರು.

"ಇಲ್ಲಿ ನಮ್ಮವ್ರು ಕುಂದ್ರತಾರ," ಅಂದಳು.

ಹನ್ನೊಂದು ವರ್ಷದಿಂದ ಅವಳ ಬಾಯಿಗೆ ಬಾರದ ಮಾತು ಅದು. ಜೋರಾಗಿಯೇ ಬಂತು. ಮುಂದಿನ ಎರಡು ಸಾಲಿನ ತಲೆಗಳು ತಿರುಗಿದವು. ತಿರುಗಲಿ ಅಂತ ಅವಳು ಕೈ ತೆಗೆಯಲಿಲ್ಲ.

ಬಸವಕುಮಾರ ಬಾಗಿಲ ಮೆಟ್ಟಿಲ ಮೇಲೆ ಬಾಟಲಿ ಹಿಡಿದು ನಿಂತಲ್ಲೇ ನಿಂತಿದ್ದ. ಅವನಿಗೂ ಕೇಳಿಸಿತ್ತು. ಪಕೀರಮ್ಮ ಹೊರಳಿ ಅವನನ್ನು ನೋಡಿದಳು, ಮತ್ತೆ ಇವಳನ್ನು ನೋಡಿದಳು. ಮುಖದಲ್ಲಿ ಒಂದಿಷ್ಟೂ ಅಚ್ಚರಿ ಇರಲಿಲ್ಲ. ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೊರಟಳು.

"ಕುಂದರ್ಲಿ ಬಿಡವ್ವ," ಅಂದಳು. "ನಮ್ಮ ಓಣ್ಯಾಗ ನಲವತ್ತು ದಿನ ನಿಂತಾನ."